ದುಬೈಗೆ ಹೊರಟ ಮಗಳಿಗೆ

ನಿನ್ನ ಹೊಸ ಕಚೇರಿಯಲ್ಲಿ ಲೆಬನಾನಿನವರೂ ಟರ್ಕಿಯವರೂ ಜೊತೆಗಿರುತ್ತಾರಂತೆ. ಅವರಿಬ್ಬರಿಗೂ ಏನು ವ್ಯತ್ಯಾಸ ದೊಡ್ಡಪ್ಪ, ಹೇಗೆ ಮಾತಾಡಿಸಬೇಕು ಅಂತ ಕೇಳಿದೆಯಲ್ಲ ಮಗಳೇ, ತಿಳಿದಷ್ಟು ಹೇಳುತ್ತೇನೆ. ಆದರೆ ಮಾತು ನಮ್ಮ ಸವಳಂಗದಿಂದಲೇ ಶುರುವಾಗಬೇಕು.

ಇದೇ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ದೇಶದ ಬಂಜಾರರು, ಅಂದರೆ ನಾವು ಲಂಬಾಣಿ ಅನ್ನುವವರು, ಭಾಯಾಗಡ ಅನ್ನುತ್ತಾರೆ. 1739ರ ಫೆಬ್ರವರಿ 15ರಂದು ಸಂತ ಸೇವಾಲಾಲರು ಹುಟ್ಟಿದ್ದು ಅಲ್ಲೇ ಅನ್ನುವುದು ಅವರ ನಂಬಿಕೆ. ಪ್ರತಿ ಫೆಬ್ರವರಿಯಲ್ಲಿ ಮಾಲೆ ಹಾಕಿದವರು ದೂರದೂರಿಂದ ನಡೆದು ಬರುತ್ತಾರೆ. ಹಳ್ಳಿಯ ನಮ್ಮಲ್ಲಿ ಅನೇಕರಿಗೆ ಮಾತ್ರ ಆ ಜಾತ್ರೆ ಅಂದರೆ ಬಸ್ಸಿನಲ್ಲಿ ನೂಕುನುಗ್ಗಲು, ಅಷ್ಟೇ. ಇದು ನನಗೆ ನೋವಿನ ಸಂಗತಿ.

ಸಂತೆಯಲ್ಲಿ ಬಂಜಾರರ ತಾಂಡಾದವರು ನಮ್ಮ ಜೊತೆ ಕನ್ನಡದಲ್ಲಿ ಮಾತಾಡುತ್ತಾರೆ. ಮನೆಗೆ ಹೋದ ಮೇಲೆ ಅವರದು ಗೋರ್ ಬೋಲಿ, ರಾಜಸ್ಥಾನದ ಮಾತುಗಳಿಗೆ ಹತ್ತಿರದ ನುಡಿ. ಅದಕ್ಕೆ ಸ್ವಂತ ಲಿಪಿಯಿಲ್ಲ. ಇಲ್ಲಿ ಕನ್ನಡ ಅಕ್ಷರದಲ್ಲಿ, ಮಹಾರಾಷ್ಟ್ರದಲ್ಲಿ ನಾಗರಿಯಲ್ಲಿ, ತೆಲಂಗಾಣದಲ್ಲಿ ತೆಲುಗಿನಲ್ಲಿ ಬರೆಯುತ್ತಾರೆ. ತಾಂಡಾದ ಮಗು ಶಾಲೆಯ ಹೊತ್ತಿಗೆ ಎರಡು ಭಾಷೆ ಕಲಿಯುತ್ತದೆ. ಅದೇ ಬೆಂಚಿನಲ್ಲಿ ಕೂತ ಹಳ್ಳಿಯ ಮಗುವಿಗೆ ಪಕ್ಕದವಳ ಮಾತಿನಲ್ಲಿ 'ಅಮ್ಮ' ಅನ್ನಲು 'ಯಾಡಿ' ಅನ್ನಬೇಕು ಅನ್ನುವುದೂ ಗೊತ್ತಿರುವುದಿಲ್ಲ. ಮಾತುಕತೆಯ ಭಾರವನ್ನೆಲ್ಲ ತಲೆಮಾರುಗಳಿಂದ ಒಂದೇ ಕಡೆಯವರು ಹೊತ್ತಿದ್ದಾರೆ.

ಅವರ ಹಿರಿಯರು ಎತ್ತಿನ ಹಿಂಡುಗಳ ಬೆನ್ನಿಗೆ ಉಪ್ಪು, ಧಾನ್ಯ ಹೇರಿಕೊಂಡು ಸೇನೆಗಳ ಹಿಂದೆ ದೇಶ ಸುತ್ತಿದವರು. ರೈಲು ಬಂದು ಆ ವ್ಯಾಪಾರ ಮುರಿಯಿತು. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ನೆರಳು ಅವರ ಎಷ್ಟೋ ಗುಂಪುಗಳ ಮೇಲೂ ಬಿತ್ತು. ತಾಂಡಾಕ್ಕೆ ನಾಯಕ, ಕಾರಭಾರಿ ಇರುತ್ತಾರೆ. ನ್ಯಾಯ ಪಂಚಾಯ್ತಿ ಅವರ ಮುಂದೆಯೇ. ದೀಪಾವಳಿಯಲ್ಲಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಾಡಿ ಹರಸುತ್ತಾರೆ. ಇದನ್ನೆಲ್ಲ ಬಿಟ್ಟು, ಕನ್ನಡಿ ಹೊಲಿದ ಲಂಗವನ್ನೂ ವೇದಿಕೆಯ ಕುಣಿತವನ್ನೂ ನೋಡಿ 'ಲಂಬಾಣಿ ಸಂಸ್ಕೃತಿ ನಮಗೆ ಗೊತ್ತು' ಅನ್ನುವವರನ್ನು ಕಂಡಿದ್ದೀಯ.

ಲೆಬನಾನ್, ಟರ್ಕಿಗಳ ವಿಷಯದಲ್ಲೂ ಹಾಗೇ ಆಗುತ್ತದೆ. ಪುಟ್ಟ ಬಟ್ಟಲಿನ ಗಟ್ಟಿ ಕಾಫಿ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ಬಕ್ಲಾವಾ ಎರಡೂ ಕಡೆ ಸಿಗುತ್ತವೆ. 'ನಿಮ್ಮದೆಲ್ಲ ಒಂದೇ ಅಲ್ಲವೇ' ಅಂದುಬಿಡಬೇಡ. 1516ರಿಂದ 1918ರವರೆಗೆ ಲೆಬನಾನಿನ ನೆಲ ಆಟೊಮನ್ ತುರ್ಕರ ಆಳ್ವಿಕೆಯಲ್ಲಿತ್ತು. ಟರ್ಕಿಯ ಅನೇಕರಿಗೆ ಅದು ಹೆಮ್ಮೆಯ ಕಾಲ. ಬೈರೂತ್‌ನವರಿಗೆ 1916ರ ಮೇ 6 ನೆನಪಿನಲ್ಲಿದೆ: ಅಂದು ಆಟೊಮನ್ ಸೇನಾಧಿಪತಿ ಜಮಾಲ್ ಪಾಷಾ ಅಲ್ಲಿನ ದೇಶಾಭಿಮಾನಿಗಳನ್ನು ನಡುಚೌಕದಲ್ಲಿ ಗಲ್ಲಿಗೇರಿಸಿದ. ಅದೇ ಮೊದಲ ಮಹಾಯುದ್ಧದ ಕಾಲದ ಬರಗಾಲದಲ್ಲಿ ಲೆಬನಾನ್ ಬೆಟ್ಟದ ಊರುಗಳು ಬರಿದಾದವು. ಇಬ್ಬರ ನೆನಪನ್ನೂ ಅವರವರ ಬಾಯಿಂದಲೇ ಕೇಳು. ಇವತ್ತಿನ ಟರ್ಕಿಯ ಹುಡುಗನನ್ನು ಜಮಾಲ್ ಪಾಷಾನ ಲೆಕ್ಕಕ್ಕೆ ಹಿಡಿಯಬೇಡ.

ಟರ್ಕಿಯವರು ಆಡುವುದು ಅರಬ್ಬಿಯಲ್ಲ; 1928ರಿಂದ ರೋಮನ್ ಅಕ್ಷರದಲ್ಲಿ ಬರೆಯುವ ತುರ್ಕಿ. ಲೆಬನಾನಿನವರು ಅರಬ್ಬಿಯ ನಡುವೆ ಫ್ರೆಂಚ್ ಬೆರೆಸುತ್ತಾರೆ, ಏಕೆಂದರೆ ಆಟೊಮನ್ನರ ನಂತರ ಫ್ರಾನ್ಸ್ ಅಲ್ಲಿ ಆಳಿತು. ಆ ದೇಶ ಅಧಿಕೃತವಾಗಿ ಗುರುತಿಸಿರುವ ಧಾರ್ಮಿಕ ಪಂಗಡಗಳು 18. ಹೆಸರು ಕೇಳಿದ ಕೂಡಲೇ ಮತ ಯಾವುದು ಅಂತ ಕೆದಕಬೇಡ. ಇಬ್ಬರೂ ಹುಬ್ಬೇರಿಸಿ, ತಲೆ ತುಸು ಹಿಂದಕ್ಕೆ ಎತ್ತಿ ಲೊಚಗುಟ್ಟಿದರೆ 'ಇಲ್ಲ' ಅಂತ ಅರ್ಥ. ನಮ್ಮಲ್ಲಿ ಲೊಚಗುಟ್ಟಿದರೆ ಮರುಕ. ಬೇಸರ ಮಾಡಿಕೊಂಡರೇನೋ ಅಂದುಕೊಂಡು ಕುಗ್ಗಬೇಡ. ನೀನು ತಲೆ ಆಡಿಸಿ 'ಆಯ್ತು' ಅಂದದ್ದೂ ಅವರಿಗೆ ಗೊಂದಲವಾದೀತು, ಬಾಯಿಬಿಟ್ಟು ಹೇಳು.

ಹೊರಡಲು ಇನ್ನೂ ದಿನಗಳಿವೆಯಲ್ಲ. ನಿನ್ನ ಜೊತೆ ಓದಿದ ತಾಂಡಾದ ಹುಡುಗಿ ಎಷ್ಟೋ ಸಲ ನಮ್ಮ ಮನೆಗೆ ಬಂದು ಉಂಡಿದ್ದಾಳೆ. ಈ ವಾರ ನೀನು ಅವಳ ಮನೆಗೆ ಹೋಗು. ಅವಳ ಅಜ್ಜಿ ಗೋರ್ ಬೋಲಿಯಲ್ಲೇ ಮಾತಾಡಲಿ, ಕನ್ನಡಕ್ಕೆ ತಿರುಗಿಸುವಂತೆ ಕೇಳಬೇಡ. ಅರ್ಥವಾಗದೆ ಕೂರುವುದು ಹೇಗಿರುತ್ತದೆ ಅನ್ನುವುದು ದುಬೈಗೆ ಹೋಗುವ ಮೊದಲೇ ನಿನಗೆ ತಿಳಿದಿರಲಿ.