ಊರಿನ ಗುಡ್‌ವಿಲ್: ಶಿಕಾಗೋದ ಮೊದಲ ಮೇಯರ್ ವಿಲಿಯಂ ಆಗ್ಡನ್

ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಪಾಲುದಾರಿಕೆಯ ಪಾಠಕ್ಕೆ ಬಂದಾಗ ‘ಗುಡ್‌ವಿಲ್’ ಎಂಬ ಪದ ಎದುರಾಗುತ್ತದೆ. ಕಟ್ಟಡ, ಯಂತ್ರ, ದಾಸ್ತಾನು ಇವೆಲ್ಲ ಕಣ್ಣಿಗೆ ಕಾಣುವ ಆಸ್ತಿಗಳು. ಗುಡ್‌ವಿಲ್ ಕಣ್ಣಿಗೆ ಕಾಣುವುದಿಲ್ಲ. ಆದರೂ ಅದಕ್ಕೆ ಬೆಲೆ ಕಟ್ಟುತ್ತೇವೆ, ಆಸ್ತಿಗಳ ಸಾಲಿನಲ್ಲಿ ಬರೆಯುತ್ತೇವೆ. ಜನರು ಒಂದು ಸಂಸ್ಥೆಯ ಮೇಲೆ ಇಟ್ಟ ನಂಬಿಕೆಗೆ ಕಟ್ಟುವ ಬೆಲೆ ಅದು.

ಅಂಗಡಿಗೆ, ಕಂಪನಿಗೆ ಇರುವಂತೆ ಒಂದು ಊರಿಗೂ ಗುಡ್‌ವಿಲ್ ಇರುತ್ತದೆಯೇ? ಇದಕ್ಕೆ ಉತ್ತರ ಹುಡುಕಲು ಅಮೆರಿಕದ ಶಿಕಾಗೋ ನಗರದ ಮೊದಲ ಮೇಯರ್ ವಿಲಿಯಂ ಬಟ್ಲರ್ ಆಗ್ಡನ್ ಅವರ ಜೀವನ ಒಳ್ಳೆಯ ಪಾಠ. ಅವರು ವ್ಯಾಪಾರಿಯಾಗಿ ಆ ಊರಿಗೆ ಬಂದವರು. ಮೇಯರ್ ಆಗಿದ್ದದ್ದು ಒಂದೇ ವರ್ಷ. ಆದರೆ ಆ ವರ್ಷವೇ ಊರಿನ ಹೆಸರು ಉಳಿಯುತ್ತದೋ ಅಳಿಯುತ್ತದೋ ಎಂಬ ಪ್ರಶ್ನೆ ಎದ್ದಿತು.

ಕೆಸರಿನಲ್ಲಿ ಶುರುವಾದ ವ್ಯಾಪಾರ

ಆಗ್ಡನ್ ಹುಟ್ಟಿದ್ದು 1805ರ ಜೂನ್ 15ರಂದು, ನ್ಯೂಯಾರ್ಕ್ ರಾಜ್ಯದ ವಾಲ್ಟನ್ ಎಂಬಲ್ಲಿ. ಹದಿಹರೆಯದಲ್ಲೇ ಮನೆಯ ವ್ಯವಹಾರದ ಹೊಣೆ ಅವರ ಹೆಗಲಿಗೆ ಬಿತ್ತು. ಜಮೀನು ಕೊಳ್ಳುವುದು, ಮಾರುವುದು, ಲೆಕ್ಕ ಬರೆಯುವುದು, ಜನರನ್ನು ಅಳೆಯುವುದು ಇವನ್ನೆಲ್ಲ ಅವರು ಕೆಲಸ ಮಾಡುತ್ತಲೇ ಕಲಿತರು. ಮುಂದೆ ನ್ಯೂಯಾರ್ಕ್ ರಾಜ್ಯದ ಶಾಸನಸಭೆಗೂ ಆಯ್ಕೆಯಾಗಿ, ಅಲ್ಲಿ ರೈಲು ಮಾರ್ಗದ ಪರವಾಗಿ ಮಾತನಾಡಿದರು.

1835ರಲ್ಲಿ ಅವರ ಭಾವ ಚಾರ್ಲ್ಸ್ ಬಟ್ಲರ್ ಮತ್ತು ಜೊತೆಗಾರರು ಶಿಕಾಗೋದಲ್ಲಿ ದೊಡ್ಡ ಜಮೀನೊಂದನ್ನು ಕೊಂಡರು. ಅದನ್ನು ನೋಡಿಕೊಳ್ಳಲು ಆಗ್ಡನ್ ಹೊರಟರು. ಮಿಷಿಗನ್ ಸರೋವರದ ದಡದಲ್ಲಿದ್ದ ಆ ಪುಟ್ಟ ಊರಿಗೆ ಬಂದು ನೋಡಿದರೆ ಜಮೀನೆಲ್ಲ ಜೌಗು, ಕಾಲಿಟ್ಟಲ್ಲಿ ಕೆಸರು. ಇದು ಶುದ್ಧ ಮೂರ್ಖತನದ ಖರೀದಿ ಎಂಬರ್ಥದಲ್ಲಿ ಅವರು ಭಾವನಿಗೆ ಪತ್ರ ಬರೆದರು. ಆದರೂ ಕೆಲಸ ಬಿಡಲಿಲ್ಲ. ನೀರು ಹರಿದುಹೋಗಲು ದಾರಿ ಮಾಡಿಸಿ, ರಸ್ತೆಗಳನ್ನು ಗುರುತು ಹಾಕಿಸಿ, ನಿವೇಶನಗಳಾಗಿ ವಿಂಗಡಿಸಿ ಹರಾಜಿಗಿಟ್ಟರು. ಸುಮಾರು ಮೂರನೇ ಒಂದು ಭಾಗ ಮಾರುವಷ್ಟರಲ್ಲೇ ಪೂರ್ತಿ ಜಮೀನಿಗೆ ಹಾಕಿದ ಹಣ ಕೈಸೇರಿತು.

ಈ ಬೆಲೆ ಏರಿಕೆಗೆ ಒಂದು ಕಾರಣವಿತ್ತು. ಮಹಾ ಸರೋವರಗಳನ್ನು ಮಿಸಿಸಿಪ್ಪಿ ನದಿಯ ಜಲಮಾರ್ಗಕ್ಕೆ ಜೋಡಿಸುವ ಇಲಿನಾಯ್ ಮತ್ತು ಮಿಷಿಗನ್ ಕಾಲುವೆ ಶಿಕಾಗೋದಿಂದ ಹೊರಡಲಿತ್ತು. ಕಾಲುವೆ ಬಂದರೆ ಊರು ಬೆಳೆಯುತ್ತದೆ ಎಂಬ ನಂಬಿಕೆಯಲ್ಲಿ ಜನ ನಿವೇಶನಗಳಿಗೆ ಮುಗಿಬಿದ್ದರು. ಸ್ವಲ್ಪ ಮುಂಗಡ ಕೊಟ್ಟು, ಉಳಿದದ್ದಕ್ಕೆ ಸಾಲಪತ್ರ ಬರೆದುಕೊಟ್ಟು ಕೊಳ್ಳುವುದು ವಾಡಿಕೆಯಾಯಿತು. ಕೊಂಡವನು ಮನೆ ಕಟ್ಟದೆ ಇನ್ನೊಬ್ಬನಿಗೆ ಹೆಚ್ಚಿನ ಬೆಲೆಗೆ ಮಾರುತ್ತಿದ್ದ. ನಮ್ಮ ಪಠ್ಯಗಳಲ್ಲಿ ಸಟ್ಟಾ ವ್ಯಾಪಾರ ಎನ್ನುವುದು ಇದನ್ನೇ.

ಎಂಟು ದಿನಗಳ ಅಂತರ

1837ರ ಮಾರ್ಚ್ 4ರಂದು ಶಿಕಾಗೋಗೆ ನಗರದ ಸ್ಥಾನ ಸಿಕ್ಕಿತು. ಆಗ ಅಲ್ಲಿನ ಜನಸಂಖ್ಯೆ ಸುಮಾರು 4,000. ಮೇ 2ರಂದು ಮೊದಲ ಚುನಾವಣೆ ನಡೆಯಿತು. ಚಲಾವಣೆಯಾದದ್ದು ಏಳುನೂರರ ಆಸುಪಾಸು ಮತಗಳು. ಹಳೆಯ ಮನೆತನದ ಜಾನ್ ಕಿಂಜಿ ಅವರನ್ನು ಸೋಲಿಸಿ, ಊರಿಗೆ ಬಂದು ಎರಡೇ ವರ್ಷವಾಗಿದ್ದ ಆಗ್ಡನ್ ಮೇಯರ್ ಆದರು.

ಸರಿಯಾಗಿ ಎಂಟು ದಿನಗಳ ನಂತರ, ಮೇ 10ರಂದು, ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ಬದಲಾಗಿ ಚಿನ್ನ ಬೆಳ್ಳಿ ಕೊಡುವುದನ್ನು ನಿಲ್ಲಿಸಿಬಿಟ್ಟವು. ಅಮೆರಿಕದ ಇತಿಹಾಸದಲ್ಲಿ ‘1837ರ ಆರ್ಥಿಕ ದಿಗಿಲು’ ಎಂದು ಹೆಸರಾದ ಕುಸಿತ ಅದು. ಸರ್ಕಾರಿ ಜಮೀನಿಗೆ ಚಿನ್ನ ಬೆಳ್ಳಿಯಲ್ಲೇ ಹಣ ಕಟ್ಟಬೇಕೆಂದು ಅಧ್ಯಕ್ಷ ಆಂಡ್ರೂ ಜಾಕ್ಸನ್ 1836ರಲ್ಲಿ ಆದೇಶ ಹೊರಡಿಸಿದ್ದರು. ಅತ್ತ ಇಂಗ್ಲೆಂಡಿನಲ್ಲೂ ಸಾಲ ಬಿಗಿಯಾಗಿತ್ತು. ಕಾಗದದ ಮೇಲೆ ಬೆಳೆದಿದ್ದ ಬೆಲೆಗಳು ಕುಸಿದವು. ನಿನ್ನೆಯವರೆಗೆ ಸಾವಿರಾರು ಡಾಲರ್ ಬಾಳುತ್ತಿದ್ದ ನಿವೇಶನಕ್ಕೆ ಇಂದು ಕೊಳ್ಳುವವರೇ ಇಲ್ಲ. ಆದರೆ ಬರೆದುಕೊಟ್ಟ ಸಾಲಪತ್ರ ಹಾಗೆಯೇ ಇತ್ತು. ಆಸ್ತಿಯ ಬೆಲೆ ಇಳಿದರೂ ಸಾಲದ ಮೊತ್ತ ಇಳಿಯುವುದಿಲ್ಲ. ಕುಸಿತದ ಕಾಲದಲ್ಲಿ ಸಾಲಗಾರನಿಗೆ ಬೀಳುವ ಪೆಟ್ಟಿನ ಗುಟ್ಟು ಇದೇ.

ಸಭೆಯಲ್ಲಿ ಒಂದು ಮಾತು

ಊರಿನಲ್ಲಿ ಸಾಲ ಇಲ್ಲದವರೇ ಅಪರೂಪವಾದರು. ಜನ ಸಭೆ ಸೇರಿದರು. ಸಾಲದ ಮೊಕದ್ದಮೆಗಳು ನಡೆಯದಂತೆ ನ್ಯಾಯಾಲಯದ ಕಲಾಪವನ್ನೇ ನಿಲ್ಲಿಸಬೇಕು, ಸಾಲದಿಂದ ಬಿಡುಗಡೆ ಬೇಕು ಎಂಬ ಕೂಗು ಎದ್ದಿತು. ಕೂಗಿದವರು ಕೆಟ್ಟವರಲ್ಲ, ದಿಕ್ಕು ತೋಚದವರು.

ಆಗ ಮೇಯರ್ ಎದ್ದು ನಿಂತರು. ಧೈರ್ಯಗೆಡಬೇಡಿ, ನಮ್ಮ ಅವಮಾನವನ್ನು ನಾವೇ ಸಾರಿಕೊಳ್ಳುವುದು ಬೇಡ, ಈಗಷ್ಟೇ ಹುಟ್ಟಿದ ನಗರದ ಮಾನ ಕಳೆಯಬೇಡಿ ಎಂಬ ಅರ್ಥದಲ್ಲಿ ಮಾತನಾಡಿದರು. ಸಾಲ ತೀರಿಸುವುದಿಲ್ಲ ಎಂಬ ನಿರ್ಣಯ ಆ ಸಭೆಯಲ್ಲಿ ಆಗಲಿಲ್ಲ. ನಗರಾಡಳಿತ ತನ್ನ ಖರ್ಚು ತೂಗಿಸಲು ಸಣ್ಣ ಮೌಲ್ಯದ ಚೀಟಿಗಳನ್ನು ಹೊರಡಿಸಿ, ತೆರಿಗೆ ಕಟ್ಟಲು ಅವು ನಡೆಯುತ್ತವೆ ಎಂದು ಹೇಳಿತು. ಸ್ವತಃ ಆಗ್ಡನ್ ಅವರೂ ಮುಳುಗುವ ಹಂತ ತಲುಪಿದ್ದರು. ತಮ್ಮ ಸಾಲದ ಸುಳಿಯಿಂದ ಹೊರಬರಲು ಅವರಿಗೆ ಕೆಲವು ವರ್ಷಗಳೇ ಹಿಡಿದವು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡಬಾರದು. ಆಗ್ಡನ್ ಪೂರ್ವದ ಹಣವಂತರ ಪ್ರತಿನಿಧಿಯೂ ಆಗಿದ್ದರು. ಸಾಲ ಕೊಟ್ಟವರು ಅವರ ಕಡೆಯವರೇ. ಬೆಲೆ ಉಬ್ಬಿದಾಗ ಲಾಭ ಮಾಡಿಕೊಂಡವರಲ್ಲಿ ಅವರೂ ಒಬ್ಬರು. ಹಾಗಾದರೆ ಅವರ ಮಾತು ಬರೀ ಸ್ವಾರ್ಥವೇ? ಹಾಗೆನ್ನಲಾಗದು. ಆ ಮಾತಿನಿಂದ ಅವರ ಹಿತವೂ ಉಳಿಯಿತು, ಊರಿನ ಹಿತವೂ ಉಳಿಯಿತು. ಸಾರ್ವಜನಿಕ ಜೀವನದಲ್ಲಿರುವ ವ್ಯಾಪಾರಿಯನ್ನು ಅಳೆಯುವಾಗ ಈ ಎರಡನ್ನೂ ಒಟ್ಟಿಗೆ ನೋಡಬೇಕು.

ನಂಬಿಕೆ ತಂದುಕೊಟ್ಟ ಬಡ್ಡಿ

ಮಾತು ಉಳಿಸಿಕೊಂಡದ್ದರಿಂದ ಏನು ಸಿಕ್ಕಿತು? ಇಲಿನಾಯ್ ರಾಜ್ಯವೇ 1840ರ ದಶಕದ ಆರಂಭದಲ್ಲಿ ಬಡ್ಡಿ ಕಟ್ಟಲಾಗದೆ ನಿಂತಿತು, ಕಾಲುವೆಯ ಕೆಲಸವೂ ನಿಂತಿತು. ಅದೇ ಕಾಲದಲ್ಲಿ ಮಿಸಿಸಿಪ್ಪಿ ರಾಜ್ಯ ತನ್ನ ಬಾಂಡುಗಳ ಸಾಲವನ್ನೇ ನಿರಾಕರಿಸಿತು. ಇಲಿನಾಯ್ ಹಾಗೆ ಮಾಡಲಿಲ್ಲ. ತಡವಾದರೂ ಕೊಡುತ್ತೇವೆ ಎಂದು ಕಾಲುವೆಯನ್ನೇ ಆಧಾರವಾಗಿಟ್ಟಿತು. ಹಳೆಯ ಬಾಂಡುದಾರರೇ ಮತ್ತೆ 16 ಲಕ್ಷ ಡಾಲರ್ ಸಾಲ ಕೊಟ್ಟರು. 1848ರಲ್ಲಿ ಕಾಲುವೆ ಮುಗಿಯಿತು.

ಅದೇ ವರ್ಷ ಆಗ್ಡನ್ ಅವರ ದೊಡ್ಡ ಕನಸೂ ಹಳಿಯ ಮೇಲೆ ಬಂತು. ಗಲೀನಾ ಮತ್ತು ಶಿಕಾಗೋ ಯೂನಿಯನ್ ರೈಲು ಮಾರ್ಗಕ್ಕೆ ಪೂರ್ವದ ಬಂಡವಾಳಗಾರರು ಹಣ ಹಾಕಲು ಒಪ್ಪಿರಲಿಲ್ಲ. ಊರಿನ ಅಂಗಡಿಕಾರರಿಗೂ ಅನುಮಾನ. ಗಾಡಿಗಳಲ್ಲಿ ಬರುವ ರೈತರು ರೈಲು ಬಂದರೆ ನಮ್ಮ ಅಂಗಡಿಗೆ ಬಾರದೆ ಹೋದಾರು ಎಂಬ ಭಯ. ಆಗ್ಡನ್ ರೈತರ ಬಳಿಗೇ ಹೋದರು. ಮಾರ್ಗ ಹಾದುಹೋಗುವ ಹಳ್ಳಿಗಳನ್ನು ಸುತ್ತಿ ಷೇರು ಮಾರಿದರು. ಮಾರುಕಟ್ಟೆಗೆ ಗೋಧಿ ಸಾಗಿಸಲು ಕೆಸರಿನ ದಾರಿಯಲ್ಲಿ ಗಾಡಿ ಹೊಡೆದು ಬೇಸತ್ತಿದ್ದ ರೈತರು ಕಂತಿನಲ್ಲಿ ಹಣ ಕೊಟ್ಟು ಷೇರುದಾರರಾದರು. ಮೊಟ್ಟೆ ಬೆಣ್ಣೆ ಮಾರಿ ಉಳಿಸಿದ ದುಡ್ಡು ತಂದ ಹೆಣ್ಣುಮಕ್ಕಳೂ ಇದ್ದರು. 1848ರ ಅಕ್ಟೋಬರ್‌ನಲ್ಲಿ ‘ಪಯೋನಿಯರ್’ ಎಂಬ ಇಂಜಿನ್ ಶಿಕಾಗೋದಿಂದ ಹೊರಟಿತು. ಕೆಲವೇ ವಾರಗಳಲ್ಲಿ ರೈಲಿನಲ್ಲಿ ಗೋಧಿ ಬಂತು.

ಕಾಗದದ ತುಂಡು ಕೊಟ್ಟು ಹಣ ಕೇಳುವವನನ್ನು ರೈತರು ಏಕೆ ನಂಬಿದರು? ಹತ್ತು ವರ್ಷಗಳ ಹಿಂದಿನ ನಡತೆ ಅವರ ಮುಂದಿತ್ತು. ಕನ್ನಡದಲ್ಲಿ ನಂಬಿಕಸ್ಥನನ್ನು ‘ನಾಣ್ಯಸ್ಥ’ ಎನ್ನುತ್ತೇವೆ. ನಡತೆಯೂ ನಾಣ್ಯದ ಹಾಗೆ ಚಲಾವಣೆಯಾಗುತ್ತದೆ ಎಂಬುದನ್ನು ನಮ್ಮ ಭಾಷೆ ಮೊದಲೇ ಬಲ್ಲದು. ಸಾಲದ ವ್ಯವಹಾರವನ್ನು ಸಾಕ್ಷಿ ಸಮೇತ ಬರೆದಿಡಬೇಕೆಂದು ವಿವರಿಸುವ ಅಲ್ ಬಕರಾದ 282ನೇ ಆಯತ್ ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಆಯತ್ ಎಂಬುದನ್ನೂ ಇಲ್ಲಿ ನೆನೆಯಬಹುದು.

ಬೆಂಕಿ ಮತ್ತು ಕೊನೆಯ ದಿನಗಳು

ಆಗ್ಡನ್ ರಷ್ ವೈದ್ಯಕೀಯ ಕಾಲೇಜಿನ ಆಡಳಿತ ಮಂಡಳಿಯ ಮೊದಲ ಅಧ್ಯಕ್ಷರಾಗಿದ್ದರು. ಸೈರಸ್ ಮೆಕಾರ್ಮಿಕ್ ಅವರ ಕೊಯ್ಲು ಯಂತ್ರದ ಕಾರ್ಖಾನೆಗೆ 25,000 ಡಾಲರ್ ಬಂಡವಾಳ ಹಾಕಿದರು. 1862ರಲ್ಲಿ ಯೂನಿಯನ್ ಪೆಸಿಫಿಕ್ ರೈಲು ಕಂಪನಿಯ ಮೊದಲ ಅಧ್ಯಕ್ಷರಾದರು. 4,000 ಜನರ ಊರು 1870ರ ಹೊತ್ತಿಗೆ ಸುಮಾರು ಮೂರು ಲಕ್ಷ ಜನರ ನಗರವಾಗಿತ್ತು.

1871ರ ಅಕ್ಟೋಬರ್ 8ರ ರಾತ್ರಿ ಶಿಕಾಗೋಗೆ ಬೆಂಕಿ ಬಿತ್ತು. ಸುಮಾರು 300 ಜನ ಸತ್ತರು, ಒಂದು ಲಕ್ಷದಷ್ಟು ಜನ ಮನೆ ಕಳೆದುಕೊಂಡರು. ಆಗ್ಡನ್ ಅವರ ಮನೆಯೂ ಉರಿದುಹೋಯಿತು. ಅದೇ ರಾತ್ರಿ ವಿಸ್ಕಾನ್ಸಿನ್ ರಾಜ್ಯದ ಪೆಷ್ಟಿಗೋ ಎಂಬಲ್ಲಿ ಕಾಡ್ಗಿಚ್ಚು ಎದ್ದು, ಅವರ ಮರದ ಕಾರ್ಖಾನೆಗಳಿದ್ದ ಆ ಊರನ್ನೇ ನುಂಗಿತು. ಅಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಶಿಕಾಗೋ ಮಾತ್ರ ಕೆಲವೇ ವರ್ಷಗಳಲ್ಲಿ ಮತ್ತೆ ಎದ್ದು ನಿಂತಿತು. ಆಗ್ಡನ್ 1877ರ ಆಗಸ್ಟ್ 3ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಲೆಕ್ಕಕ್ಕೆ ಬಾರದ ಒಂದು ಸಾಲ

ಪಾಠ ಮುಗಿಸುವ ಮುನ್ನ ಲೆಕ್ಕದ ಇನ್ನೊಂದು ಬದಿಯನ್ನೂ ತೆರೆಯಬೇಕು. ಆಗ್ಡನ್ ನಿವೇಶನಗಳನ್ನು ಮಾರಿದ ನೆಲ ಮೊದಲು ಯಾರದಾಗಿತ್ತು? ಪೊಟವಾಟಮಿ ಮತ್ತು ಅವರ ಜೊತೆಗಿದ್ದ ಮೂಲನಿವಾಸಿಗಳದು. 1833ರ ಶಿಕಾಗೋ ಒಪ್ಪಂದದಲ್ಲಿ ಸುಮಾರು 50 ಲಕ್ಷ ಎಕರೆ ಭೂಮಿಯನ್ನು ಬಿಟ್ಟುಕೊಟ್ಟು ಅವರು ಮಿಸಿಸಿಪ್ಪಿಯ ಆಚೆಗೆ ಹೋಗಬೇಕಾಯಿತು. ಆಗ್ಡನ್ ಬಂದ 1835ರ ಬೇಸಿಗೆಯಲ್ಲೇ ಅವರು ಊರಿನ ಬೀದಿಗಳಲ್ಲಿ ಕೊನೆಯ ಬಾರಿ ತಮ್ಮ ಯುದ್ಧನೃತ್ಯ ಮಾಡಿ ಹೊರಟುಹೋದರು. ನಗರದ ಮಾನ ಉಳಿಸಿ ಎಂದು ಮೇಯರ್ ಹೇಳಿದ ಸಭೆಯಲ್ಲಿ ಅವರ ಪರವಾಗಿ ಕೇಳುವವರು ಇರಲಿಲ್ಲ.

ಒಂದು ಊರು ಬ್ಯಾಂಕಿಗೆ ಕೊಟ್ಟ ಮಾತನ್ನು ಉಳಿಸಿಕೊಂಡರೆ ಅದರ ಗುಡ್‌ವಿಲ್ ಬೆಳೆಯುತ್ತದೆ. ಆಗ್ಡನ್ ಅವರ ಜೀವನ ಇದನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಬಲವಿಲ್ಲದವರಿಗೂ ಕೊಡಬೇಕಾದದ್ದನ್ನು ಕೊಟ್ಟಾಗಲೇ ಆ ಲೆಕ್ಕ ಪೂರ್ತಿಯಾಗುತ್ತದೆ. ಪ್ರಿಯ ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಕೆಲವರು ವ್ಯಾಪಾರಕ್ಕೆ, ಕೆಲವರು ಪಂಚಾಯಿತಿ, ನಗರಸಭೆಗಳಿಗೆ ಹೋಗುವಿರಿ. ಎರಡೂ ಲೆಕ್ಕಗಳನ್ನು ಬರೆಯುವ ಅಭ್ಯಾಸ ಈಗಲೇ ಇರಲಿ.

ಚರ್ಚೆಗೆ ಪ್ರಶ್ನೆಗಳು

1. ಆಸ್ತಿಯ ಬೆಲೆ ಇಳಿದಾಗ ಸಾಲ ಮಾಡಿ ಕೊಂಡವನಿಗೆ ನಷ್ಟ ಏಕೆ ಹೆಚ್ಚು? ಒಂದು ಉದಾಹರಣೆಯ ಲೆಕ್ಕ ಮಾಡಿ ತೋರಿಸಿ.
2. ರೈಲು ಬಂದರೆ ನಷ್ಟ ಎಂದು ಶಿಕಾಗೋದ ಅಂಗಡಿಕಾರರು ಭಾವಿಸಿದ್ದೇಕೆ? ಅವರ ಭಯ ಸರಿಯಾಗಿತ್ತೇ?
3. ವ್ಯಾಪಾರಿಯೊಬ್ಬರು ಜನಪ್ರತಿನಿಧಿಯಾದಾಗ ಸ್ವಂತ ಹಿತ ಮತ್ತು ಊರಿನ ಹಿತ ಬೇರೆಯಾದರೆ ಅವರು ಏನು ಮಾಡಬೇಕು?