ರೂಟರ್ ಬದಲಿಸಿದ ಮೇಲೆ ಕಡಿದು ಕಡಿದು ಬರುವ ಅಂತರಜಾಲ

ಮುಂಬಯಿ ಮತ್ತು ಅದರ ಉಪನಗರಗಳ ಕೆಲವು ಮನೆಗಳಿಗೆ ಅಂತರಜಾಲ ಸಂಪರ್ಕವು ಟಿ.ವಿ. ಕೇಬಲಿನ ಮೂಲಕವೇ ಬರುತ್ತದೆ. ಹೊಸ ರೂಟರ್ ಅಳವಡಿಸಿದ ಬಳಿಕ ಸಂಪರ್ಕ ಪದೇ ಪದೇ ಕಡಿದರೆ ಗ್ರಾಹಕರು ಸಹಜವಾಗಿ ಅದನ್ನೇ ದೂಷಿಸುತ್ತಾರೆ. ದೋಷವು ರೂಟರಿನಲ್ಲಿಯೇ ಇರಬೇಕೆಂದಿಲ್ಲ.

ಮೊದಲು ಗಣಕಯಂತ್ರವನ್ನು ತಂತಿಯ ಮೂಲಕ ನೇರವಾಗಿ ಮೋಡೆಮಿಗೆ ಜೋಡಿಸಿ ಒಂದು ಗಂಟೆ ಗಮನಿಸಬೇಕು. ಅನೇಕ ಮೋಡೆಮುಗಳು ಮೊದಲು ಜೋಡಿಸಿದ ಉಪಕರಣದ ಮ್ಯಾಕ್ ವಿಳಾಸವನ್ನಷ್ಟೇ ಗುರುತಿಸುವುದರಿಂದ, ಉಪಕರಣ ಬದಲಿಸಿದಾಗಲೆಲ್ಲ ಮೋಡೆಮನ್ನು ಆರಿಸಿ ಎರಡು ನಿಮಿಷದ ನಂತರ ಚಾಲೂ ಮಾಡತಕ್ಕದ್ದು. ಸೇವಾದಾರರು ವಿಳಾಸವನ್ನು ನೋಂದಾಯಿಸಿಕೊಂಡಿದ್ದರೆ ಹೊಸದನ್ನು ಅವರಿಗೆ ತಿಳಿಸಬೇಕಾಗುತ್ತದೆ.

ನೇರ ಜೋಡಣೆಯಲ್ಲಿ ಸಂಪರ್ಕ ಸ್ಥಿರವಾಗಿದ್ದರೆ ರೂಟರಿನ ಕಡೆಗೆ ನೋಡಬೇಕು. ಒತ್ತಾಗಿರುವ ವಸತಿ ಸಂಕೀರ್ಣಗಳಲ್ಲಿ ನೆರೆಮನೆಗಳ ವೈಫೈ ಅಡ್ಡಬರುವುದುಂಟು, 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಈ ಮೂರು ಚಾನೆಲುಗಳು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ.

ನೇರ ಜೋಡಣೆಯಲ್ಲೂ ಕಡಿದರೆ ದೋಷವು ಬಹುಮಟ್ಟಿಗೆ ಕೇಬಲಿನದು ಅಥವಾ ಮೋಡೆಮಿನದು. ಟಿ.ವಿ.ಗಾಗಿ ಹಾಕಿದ ಎರಡು ಕವಲಿನ ಸ್ಪ್ಲಿಟರ್ ಸಂಕೇತದ ಶಕ್ತಿಯನ್ನು ಅರ್ಧಕ್ಕಿಂತಲೂ ತಗ್ಗಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ತಾರಸಿಯ ಕೇಬಲ್ ಜೋಡಣೆಗಳೊಳಗೆ ನೀರು ಸೇರುತ್ತದೆ. ಅವನ್ನು ಬಿಚ್ಚಲು ಗ್ರಾಹಕರು ತಾರಸಿಗೆ ಹತ್ತಬಾರದು. ಮಳೆ ನಿಂತ ದಿನ ತಂತ್ರಜ್ಞರು ಬಂದು ಎಲ್ಲವೂ ಸರಿಯಿದೆಯೆಂದು ಹಿಂದಿರುಗುವುದು ಅಪರೂಪವಲ್ಲ! ಆದುದರಿಂದ ಸಂಪರ್ಕ ಕಡಿದ ದಿನ, ವೇಳೆ, ಮೋಡೆಮಿನ ದೀಪಗಳ ಸ್ಥಿತಿ ಇವನ್ನು ಬರೆದಿಟ್ಟು ತೋರಿಸಬೇಕು.

ದೂರು ಕೊಟ್ಟಾಗ ಅದರ ಸಂಖ್ಯೆಯನ್ನು ತಪ್ಪದೆ ಪಡೆಯಿರಿ. 2012ರ ದೂರಸಂಪರ್ಕ ಗ್ರಾಹಕರ ದೂರು ಪರಿಹಾರ ನಿಯಮಗಳಂತೆ, ಪರಿಹಾರ ತೃಪ್ತಿಕರವಲ್ಲದಿದ್ದರೆ ಅದೇ ಸಂಖ್ಯೆಯನ್ನು ತೋರಿಸಿ ಸೇವಾದಾರರ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು.