ನಿಲ್ಲಿಸಿದ ಕಾರಿನ ಬ್ಯಾಟರಿ ಬರಿದಾಗುವುದೇಕೆ?

ಪುಣೆ ಜಿಲ್ಲೆಯ ಖೇಡ್ ತಾಲ್ಲೂಕಿನಲ್ಲಿರುವ ಚಾಕಣ ಇಂದು ದೇಶದ ಪ್ರಮುಖ ವಾಹನ ತಯಾರಿಕಾ ಕೇಂದ್ರಗಳಲ್ಲೊಂದು. ಫೋಕ್ಸ್‌ವ್ಯಾಗನ್ ಸಂಸ್ಥೆಯ ಕಾರ್ಖಾನೆ 2009ರಲ್ಲಿಯೂ ಮಹೀಂದ್ರ ಸಂಸ್ಥೆಯ ಕಾರ್ಖಾನೆ 2010ರಲ್ಲಿಯೂ ಇಲ್ಲಿ ಆರಂಭವಾದವು. ಇಲ್ಲಿ ದುಡಿಯುವವರಲ್ಲಿ ಕರ್ನಾಟಕದಿಂದ ಬಂದವರೂ ಇದ್ದಾರೆ. ಹಬ್ಬಕ್ಕೋ ಮದುವೆಗೋ ರೈಲಿನಲ್ಲಿ ಊರಿಗೆ ಹೋಗಿ ಕೆಲವು ವಾರಗಳ ಬಳಿಕ ಮರಳಿದಾಗ, ಮನೆಯ ಮುಂದೆ ನಿಲ್ಲಿಸಿದ್ದ ಕಾರು ಚಾಲೂ ಆಗದಿರುವುದು ಅಪರೂಪವಲ್ಲ. ಇಂತಹ ಸಂದರ್ಭದಲ್ಲಿ ಅನೇಕರು ಕೂಡಲೇ ಹೊಸ ಬ್ಯಾಟರಿ ಕೊಳ್ಳುತ್ತಾರೆ. ಆದರೆ ದೋಷವು ವಾಹನದ ವೈರಿಂಗಿನಲ್ಲಿದ್ದರೆ ಹೊಸ ಬ್ಯಾಟರಿಯೂ ಹಾಗೆಯೇ ಬರಿದಾಗುತ್ತದೆ. ಆದುದರಿಂದ ಮೊದಲು ಕಾರಣವನ್ನು ಹುಡುಕುವುದು ಲೇಸು.

ಸೋರಿಕೆಯ ಲೆಕ್ಕ

ಕೀಲಿ ತೆಗೆದ ಮೇಲೂ ಗಡಿಯಾರ, ಕಳ್ಳತನ ನಿರೋಧಕ ಸಾಧನ ಮುಂತಾದವು ಅಲ್ಪ ವಿದ್ಯುತ್ತನ್ನು ಬಳಸುತ್ತಲೇ ಇರುತ್ತವೆ. ಸಾಮಾನ್ಯವಾಗಿ ಇದು 50 ಮಿಲಿಆಂಪಿಯರ್‌ಗಿಂತ ಕಡಿಮೆ ಇರಬೇಕು. 40 ಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿಯಿಂದ 20 ಮಿಲಿಆಂಪಿಯರ್ ಹರಿದರೆ, 30 ದಿನಗಳಲ್ಲಿ 14.4 ಆಂಪಿಯರ್-ಗಂಟೆ ಮಾತ್ರ ವ್ಯಯವಾಗುತ್ತದೆ. ಆದರೆ ಡಿಕ್ಕಿಯಲ್ಲಿ 5 ವಾಟ್‌ನ ಒಂದು ಸಣ್ಣ ದೀಪ ಆರದೆ ಉಳಿದರೆ, ದಿನಕ್ಕೆ ಸುಮಾರು 10 ಆಂಪಿಯರ್-ಗಂಟೆಯಂತೆ ನಾಲ್ಕೇ ದಿನಗಳಲ್ಲಿ ಬ್ಯಾಟರಿ ಬರಿದಾಗುತ್ತದೆ. ಹೀಗೆ ಬರಿದಾದ ಸೀಸ-ಆಮ್ಲ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ, ಅದರ ಆಯುಷ್ಯ ಕುಗ್ಗುತ್ತದೆ.

ಮೊದಲು ಬ್ಯಾಟರಿಯ ಪರೀಕ್ಷೆ

ಬ್ಯಾಟರಿಯನ್ನು ಪೂರ್ಣವಾಗಿ ಚಾರ್ಜ್ ಮಾಡಿ, ಕೆಲವು ಗಂಟೆಗಳ ಬಳಿಕ ಮಲ್ಟಿಮೀಟರಿನಿಂದ ಅಳೆಯಬೇಕು. 12.6 ವೋಲ್ಟ್ ಇದ್ದರೆ ಅದು ಪೂರ್ಣ ಚಾರ್ಜ್ ಆಗಿದೆಯೆಂದೂ 12.2 ವೋಲ್ಟ್ ಇದ್ದರೆ ಸುಮಾರು ಅರ್ಧ ಉಳಿದಿದೆಯೆಂದೂ ತಿಳಿಯಬೇಕು. ವಾಹನದಿಂದ ಬಿಡಿಸಿಟ್ಟ ಬ್ಯಾಟರಿಯೂ ಒಂದೆರಡು ದಿನಗಳಲ್ಲಿ ಇಳಿದರೆ, ದೋಷ ಬ್ಯಾಟರಿಯಲ್ಲಿಯೇ ಇದೆ.

ಸೋರಿಕೆಯನ್ನು ಹುಡುಕುವ ಕ್ರಮ

1. ದೀಪ, ರೇಡಿಯೊಗಳನ್ನು ಆರಿಸಿ, ಕೀಲಿಯನ್ನು ತೆಗೆದು ದೂರವಿಡಬೇಕು. ಫ್ಯೂಸ್ ಪೆಟ್ಟಿಗೆಗಾಗಿ ಬಾಗಿಲು ತೆರೆದಿರಬೇಕಾದರೆ, ಅದರ ಬೀಗದ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತರಬೇಕು.

2. ಬ್ಯಾಟರಿಯ ಋಣ ತುದಿಯ ಕೇಬಲನ್ನು ಬಿಡಿಸಿ, ಆ ತುದಿ ಮತ್ತು ಕೇಬಲಿನ ನಡುವೆ ಮೀಟರನ್ನು ಜೋಡಿಸಬೇಕು. ಮೀಟರಿನ 10 ಆಂಪಿಯರ್ ರಂಧ್ರವನ್ನೇ ಬಳಸಬೇಕು. ಮೀಟರ್ ಜೋಡಿಸಿರುವಾಗ ಕಾರನ್ನು ಚಾಲೂ ಮಾಡಕೂಡದು.

3. ಆಧುನಿಕ ಕಾರುಗಳ ಎಲೆಕ್ಟ್ರಾನಿಕ್ ಘಟಕಗಳು ವಿಶ್ರಾಂತ ಸ್ಥಿತಿಗೆ ಬರಲು ಒಂದು ಗಂಟೆಯವರೆಗೂ ಬೇಕಾಗಬಹುದು. ಅಲ್ಲಿಯವರೆಗೆ ಕಾದು ಬಳಿಕ ಅಳತೆಯನ್ನು ಬರೆದಿಟ್ಟುಕೊಳ್ಳಬೇಕು.

4. ಅಳತೆ ಹೆಚ್ಚಾಗಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ನೋಡಬೇಕು. ಯಾವ ಫ್ಯೂಸ್ ತೆಗೆದಾಗ ಅಳತೆ ಥಟ್ಟನೆ ಇಳಿಯುವುದೋ ಆ ಮಂಡಲದಲ್ಲಿಯೇ ಸೋರಿಕೆ ಇರುತ್ತದೆ.

ಆ ಮಂಡಲಕ್ಕೆ ಸೇರಿದ ಉಪಕರಣಗಳನ್ನು ಫ್ಯೂಸ್ ಪಟ್ಟಿಯಿಂದ ಗುರುತಿಸಬಹುದು. ಡಿಕ್ಕಿಯ ದೀಪ, ಅಂಟಿಕೊಂಡ ರಿಲೇ, ಹೊರಗಿನಿಂದ ಹಾಕಿಸಿದ ಸಂಗೀತ ಸಾಧನ, ಅಲಾರಂ, ಕ್ಯಾಮೆರಾ ಇವು ಸಾಮಾನ್ಯ ಕಾರಣಗಳು. ಕೆಲವೊಮ್ಮೆ ಇಂತಹ ಹೆಚ್ಚುವರಿ ಸಾಧನಗಳನ್ನು ಫ್ಯೂಸ್ ಪೆಟ್ಟಿಗೆಗೆ ಸೇರಿಸದೆ ನೇರವಾಗಿ ಬ್ಯಾಟರಿಗೆ ಜೋಡಿಸಿರುತ್ತಾರೆ. ಯಾವ ಫ್ಯೂಸ್ ತೆಗೆದರೂ ಅಳತೆ ಇಳಿಯದಿದ್ದರೆ ಆ ತಂತಿಗಳನ್ನೂ, ಆಲ್ಟರ್ನೇಟರಿನ ಡಯೋಡುಗಳನ್ನೂ ಪರೀಕ್ಷಿಸಬೇಕು.

ಎಚ್ಚರಿಕೆಗಳು

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಅನಿಲ ಹೊರಬರುವುದರಿಂದ ಬೀಡಿ, ಬೆಂಕಿಕಡ್ಡಿಗಳನ್ನು ಹತ್ತಿರ ತರಬಾರದು. ಉಂಗುರ, ಗಡಿಯಾರಗಳನ್ನು ಕಳಚಿಡಬೇಕು. ಬಿಡಿಸುವಾಗ ಋಣ ತುದಿಯನ್ನು ಮೊದಲು ಬಿಡಿಸಿ, ಜೋಡಿಸುವಾಗ ಅದನ್ನೇ ಕೊನೆಯಲ್ಲಿ ಜೋಡಿಸಬೇಕು. ಆಂಪಿಯರ್ ಅಳೆದ ಮೀಟರನ್ನು ಹಾಗೆಯೇ ಬ್ಯಾಟರಿಯ ಎರಡೂ ತುದಿಗಳಿಗೆ ಮುಟ್ಟಿಸಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ತಂತಿಯನ್ನು ವೋಲ್ಟ್ ರಂಧ್ರಕ್ಕೆ ಮರಳಿಸುವುದನ್ನು ಮರೆಯಬಾರದು. ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳ ಕಿತ್ತಳೆ ಬಣ್ಣದ ಕೇಬಲುಗಳನ್ನು ಮುಟ್ಟಲೇಕೂಡದು. ಅಂತಹ ವಾಹನಗಳನ್ನು ತರಬೇತಿ ಪಡೆದ ಮೆಕ್ಯಾನಿಕರಿಗೇ ಒಪ್ಪಿಸಬೇಕು.

ಪರೀಕ್ಷೆಯ ಬಳಿಕವೂ ಬ್ಯಾಟರಿ ಬದಲಾಯಿಸುವುದು ಅನಿವಾರ್ಯವೆಂದು ಕಂಡುಬಂದರೆ, ಹಳೆಯದನ್ನು ಕಸಕ್ಕೆ ಎಸೆಯಬಾರದು. ಅದರಲ್ಲಿನ ಸೀಸವೂ ಆಮ್ಲವೂ ಮಣ್ಣನ್ನೂ ನೀರನ್ನೂ ಕೆಡಿಸುತ್ತವೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಬಳಸಿದ ಬ್ಯಾಟರಿಯನ್ನು ಮನೆಯ ಇತರ ಕಸದೊಡನೆ ಬೆರೆಸದೆ, ಸಂಗ್ರಹಣೆ ಅಥವಾ ಮರುಬಳಕೆಯ ವ್ಯವಸ್ಥೆಗೆ ಒಪ್ಪಿಸುವುದು ಬಳಕೆದಾರರ ಹೊಣೆಯಾಗಿದೆ.